ಕಟಾವು ಲೈನಿಗೆ ಸ್ಪೀಚ್ ಸರ್ವರ್ ಕೂರಿಸಿದ್ದು: ನನ್ನ ಅನುಭವ

ಮಂಡ್ಯ ಸುತ್ತಿನ ಕಬ್ಬು ಬೆಳೆಗಾರರು ಫೋನ್ ಮಾಡಿ ಕಟಾವಿಗೆ ತಮ್ಮ ಸರದಿ ಯಾವಾಗ ಅಂತ ಕೇಳುವ ಒಂದು ಲೈನ್ ಇದೆ. ಮೊದಲು ಅದರಲ್ಲಿ "ಒಂದನ್ನು ಒತ್ತಿ, ಎರಡನ್ನು ಒತ್ತಿ" ಅನ್ನುವ ಮೆನು ಇತ್ತು. ಕೆಸರು ಕೈಯಲ್ಲಿ ಗದ್ದೆಯಲ್ಲಿ ನಿಂತವರಿಗೆ ಅದು ಕಿರಿಕಿರಿ. ಬಾಯಲ್ಲಿ ಹೇಳಿದರೆ ಸಾಕು ಅನ್ನುವಂತೆ ಮಾಡಿಕೊಡಿ ಅಂದರು. ಫೋನ್ ಸಿಸ್ಟಮ್ ಆಸ್ಟರಿಸ್ಕ್. ಸರ್ವರ್‌ಗಳು ಮಂಡ್ಯದಲ್ಲಿ, ನಾನು ಮೈಸೂರಿನ ಹೆಬ್ಬಾಳದಲ್ಲಿ. ಹಾಗಾಗಿ ಪೂರ್ತಿ ಕೆಲಸ ಎಸ್‌ಎಸ್‌ಎಚ್ (ದೂರದಿಂದಲೇ ಸರ್ವರಿಗೆ ಲಾಗಿನ್ ಆಗುವ ದಾರಿ) ಮೂಲಕ, ಕಮಾಂಡ್ ಲೈನಿನಲ್ಲೇ.

ಆಸ್ಟರಿಸ್ಕ್‌ಗೆ ತಾನಾಗಿ ಮಾತು ಅರ್ಥವಾಗುವುದಿಲ್ಲ. ಅದು ಇನ್ನೊಂದು ಸರ್ವರನ್ನು ಕೇಳಬೇಕು. ಹಾಗೆ ಕೇಳಲು ಇರುವ ಪ್ರೋಟೋಕಾಲ್ (ಸರ್ವರ್‌ಗಳು ಮಾತಾಡಿಕೊಳ್ಳುವ ನಿಯಮ) ಎಂಆರ್‌ಸಿಪಿ. 2006ರ ಮೊದಲ ಆವೃತ್ತಿ ಆರ್‌ಟಿಎಸ್‌ಪಿ ಅನ್ನುವ ಇನ್ನೊಂದು ಪ್ರೋಟೋಕಾಲ್ ಮೇಲೆ ಓಡುತ್ತದೆ, 2012ರ ಎರಡನೆಯದು ಕರೆ ಜೋಡಿಸುವ ಎಸ್‌ಐಪಿ ಬಳಸುತ್ತದೆ. ನಾನು ಎರಡನೆಯದನ್ನು ಹಿಡಿದೆ. ಆಸ್ಟರಿಸ್ಕ್ ಕಡೆ ಯೂನಿಎಂಆರ್‌ಸಿಪಿ (ಎಂಆರ್‌ಸಿಪಿ ಬಳಸುವ ಸಾಫ್ಟ್‌ವೇರ್) ಮಾಡ್ಯೂಲ್, ಇನ್ನೊಂದು ಮೆಷಿನ್ನಿನಲ್ಲಿ ಯೂನಿಎಂಆರ್‌ಸಿಪಿ ಸರ್ವರ್, ಅದರ ಹಿಂದೆ ಮಾತು ಗುರುತಿಸುವ ಗೂಗಲ್‌ನ ಸೇವೆ. ಗೂಗಲ್ ಸೇವೆಗೆ ಜೋಡಿಸುವ ಪ್ಲಗಿನ್ ಫೈಲಿನಲ್ಲಿ ಭಾಷೆ ಕೆಎನ್-ಐಎನ್ (ಭಾರತದ ಕನ್ನಡ) ಅಂತ ಹಾಕಿದರೆ ಆ ಕಡೆ ಹೆಚ್ಚೇನೂ ಉಳಿಯುವುದಿಲ್ಲ.

ತಲೆನೋವು ಇರುವುದು ನಡುವಿನ ದಾರಿಯಲ್ಲಿ. ಒಂದು ಕರೆಗೆ ಮೂರು ಬಾಗಿಲು, ಅಂದರೆ ಪೋರ್ಟ್, ತೆರೆದಿರಬೇಕು. ಎಸ್‌ಐಪಿಗೆ 8060, ಎಂಆರ್‌ಸಿಪಿಗೆ ಟಿಸಿಪಿ 1544, ಧ್ವನಿ ಹೋಗಲು ಯುಡಿಪಿ 5000ದಿಂದ 6000. ಇವು ಸರ್ವರ್ ಜೊತೆ ಬರುವ ಡೀಫಾಲ್ಟ್ ಪೋರ್ಟ್‌ಗಳು. ಫೈರ್‌ವಾಲ್ ನೋಡಿಕೊಳ್ಳುವವರು ಸಾಮಾನ್ಯವಾಗಿ ಎಸ್‌ಐಪಿ ಒಂದನ್ನೇ ತೆರೆದು "ಆಯ್ತು ಸಾರ್" ಅಂತಾರೆ. ಆಗ ಸಂಪರ್ಕ ಆದಂತೆ ಕಾಣುತ್ತದೆ, ಮಾತು ಮಾತ್ರ ತಲುಪುವುದಿಲ್ಲ.

ಇದಕ್ಕಿಂತ ದೊಡ್ಡ ಕಾಟ ಐಪಿ ವಿಳಾಸದ್ದು. ಸರ್ವರಿನ ಎಕ್ಸ್‌ಎಂಎಲ್ ಫೈಲಿನಲ್ಲಿ ಐಪಿ "ಆಟೋ" ಅಂತ ಇರುತ್ತದೆ. ಹಾಗಿದ್ದರೆ ಅದು ಮೆಷಿನ್ನಿನ ಹೆಸರಿಂದ ವಿಳಾಸ ಹುಡುಕುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಹೋಸ್ಟ್ಸ್ ಫೈಲ್ ಆ ಹೆಸರಿಗೆ 127.0.1.1 (ಯಾವ ಮೆಷಿನ್ ಬಳಸಿದರೂ ತನಗೇ ತಿರುಗುವ ವಿಳಾಸ) ಅಂತ ಉತ್ತರ ಕೊಡುತ್ತದೆ. ಆಸ್ಟರಿಸ್ಕ್, ಸರ್ವರ್ ಎರಡೂ ಒಂದೇ ಮೆಷಿನ್ನಿನಲ್ಲಿದ್ದಾಗ ಎಲ್ಲ ಸರಿ. ಬೇರೆ ಬೇರೆ ಮಾಡಿದ ಕೂಡಲೇ ಆಸ್ಟರಿಸ್ಕ್ ತನ್ನೊಳಗೇ ಸರ್ವರನ್ನು ಹುಡುಕುತ್ತಾ ಕೂರುತ್ತದೆ. ಹಾಗಾಗಿ ಆಟೋ ತೆಗೆದು, ನೆಟ್‌ವರ್ಕ್ ಕಾರ್ಡಿನ ನಿಜವಾದ ಐಪಿಯನ್ನೇ ಬರೆದೆ. ಆಸ್ಟರಿಸ್ಕ್ ಕಡೆಯ ಪ್ರೊಫೈಲ್ ಫೈಲಿನಲ್ಲೂ ಸರ್ವರ್ ಐಪಿ, ಕ್ಲೈಂಟ್ ಐಪಿ, ಧ್ವನಿಗಾಗಿ ಇರುವ ಆರ್‌ಟಿಪಿ ಐಪಿ ಮೂರನ್ನೂ ಕೈಯಾರೆ ಹಾಕಿದೆ. ನಂತರ ಮಾಡ್ಯೂಲನ್ನು ಅನ್‌ಲೋಡ್ ಮಾಡಿ ಮತ್ತೆ ಲೋಡ್ ಮಾಡಿದೆ.

ನಾನು ಲಾಗ್ ಓದುವುದು ಆಮೇಲೆ. ಮೊದಲು ಒಂದು ಕಿಟಕಿಯಲ್ಲಿ ಎಸ್‌ಐಪಿ ಸಂದೇಶ ತೋರಿಸುವ ಎಸ್‌ಎನ್‌ಗ್ರೆಪ್, ಇನ್ನೊಂದರಲ್ಲಿ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ ನನ್ನ ಮೊಬೈಲಿಂದಲೇ ಕರೆ ಮಾಡುತ್ತೇನೆ. ಎಸ್‌ಡಿಪಿಯಲ್ಲಿ (ಧ್ವನಿ ಎಲ್ಲಿಗೆ ಕಳಿಸಬೇಕು ಅಂತ ಹೇಳುವ ಭಾಗ) ಯಾವ ವಿಳಾಸ ಹೋಗುತ್ತಿದೆ, ಯುಡಿಪಿ ಪ್ಯಾಕೆಟ್ ಆ ಕಡೆ ಇಳಿಯುತ್ತಿದೆಯಾ ಅನ್ನುವುದು ಕಣ್ಣಿಗೆ ಕಾಣುತ್ತದೆ. ಪ್ಯಾಕೆಟ್ಟೇ ಹೋಗದಿದ್ದರೆ "ಕನ್ನಡ ಸರಿಯಾಗಿ ಗುರುತಿಸಲ್ಲ" ಅಂತ ಎಂಜಿನ್ ಬೈದು ಏನು ಉಪಯೋಗ, ಅಲ್ವಾ?

ದಾರಿ ಸರಿಯಾದ ಮೇಲೆ, ಗುರುತಿಸುವಿಕೆ ಹೇಗೆ ಮುಗಿಯಿತು ಅಂತ ಸರ್ವರ್ ಹೇಳುವ ಕಂಪ್ಲೀಷನ್ ಕಾಸ್ ಅನ್ನುವ ಸಂಖ್ಯೆ ನೋಡಬೇಕು. 000 ಅಂದರೆ ಸಿಕ್ಕಿತು, 001 ಅಂದರೆ ಮಾತು ಬಂತು ಆದರೆ ಯಾವುದಕ್ಕೂ ಹೊಂದಲಿಲ್ಲ, 002 ಅಂದರೆ ಏನೂ ಕೇಳಿಸಲಿಲ್ಲ. ನಮ್ಮಲ್ಲಿ 001 ಜಾಸ್ತಿ ಬರುತ್ತಿತ್ತು. ರೆಕಾರ್ಡಿಂಗ್ ಕೇಳಿದರೆ ಕಾರಣ ಗೊತ್ತಾಯಿತು. ಜನ ಹೋಬಳಿ ಹೇಳಿ, ಒಂದು ಉಸಿರು ತಗೊಂಡು, ಆಮೇಲೆ ಊರು ಹೇಳುತ್ತಾರೆ. ಅಷ್ಟರಲ್ಲಿ ಸರ್ವರ್ "ಮುಗೀತು" ಅಂದುಕೊಂಡಿರುತ್ತದೆ. ಮಾತು ನಿಂತ ಮೇಲೆ ಸರ್ವರ್ ಕಾಯುವ ಹೊತ್ತನ್ನು (ಸ್ಪೀಚ್ ಕಂಪ್ಲೀಟ್ ಟೈಮ್‌ಔಟ್) ಒಂದು ಸೆಕೆಂಡಿನಿಂದ ಎರಡಕ್ಕೆ ಏರಿಸಿದೆ. ಗ್ರಾಮರ್ ಫೈಲಿನಲ್ಲಿ (ಒಪ್ಪುವ ಮಾತುಗಳ ಪಟ್ಟಿ) "ಎರಡು" ಪಕ್ಕ "ಎಲ್ಡು", "ಹೌದು" ಪಕ್ಕ "ಹೂಂ", "ಆಯ್ತು" ಸೇರಿಸಿದೆ.

ಕಾನ್ಫಿಡೆನ್ಸ್ ಮಿತಿ (ಗುರುತಿಸಿದ್ದು ಎಷ್ಟು ಖಚಿತವಿದ್ದರೆ ಒಪ್ಪಬೇಕು ಅನ್ನುವುದು) ಹಾಕುವಾಗ ಒಂದು ಎಚ್ಚರ. ಎಂಆರ್‌ಸಿಪಿಯ ಹಳೆಯ ಆವೃತ್ತಿಯಲ್ಲಿ ಅದು 0ಯಿಂದ 100, ಹೊಸದರಲ್ಲಿ 0.0ಯಿಂದ 1.0. ಹಳೆ ಸಿಸ್ಟಮ್ಮಿನ ಫೈಲಿಂದ 50 ಅಂತ ಸುಮ್ನೆ ನಕಲು ಮಾಡಿದರೆ ಕೆಲಸ ಕೆಡುತ್ತದೆ.

ಪಂಪ್‌ಸೆಟ್ ಪಕ್ಕ ನಿಂತು ಮಾತಾಡುವವರದು ಬೇರೆ ಕಥೆ. ಮೋಟರ್ ಸದ್ದನ್ನೇ ಮಾತು ಅಂತ ತಿಳಿದು ಸರ್ವರ್ ಪ್ರಶ್ನೆಯನ್ನು ಅರ್ಧಕ್ಕೇ ನಿಲ್ಲಿಸುತ್ತಿತ್ತು. ಮೊದಲ ಪ್ರಶ್ನೆಗೆ ಬಾರ್ಜ್-ಇನ್ (ಪ್ರಶ್ನೆಯ ನಡುವೆಯೇ ಉತ್ತರ ಹೇಳುವ ಅವಕಾಶ) ತೆಗೆದುಬಿಟ್ಟೆ. ಅವಸರದವರಿಗೆ ಸ್ವಲ್ಪ ಬೇಜಾರು, ಆದರೆ ಪ್ರಶ್ನೆ ಪೂರ್ತಿ ಕೇಳಿಸುತ್ತದೆ.

ಕೊನೆಗೆ ಡಯಲ್‌ಪ್ಲಾನ್, ಅಂದರೆ ಕರೆ ಬಂದಾಗ ಏನೇನು ಮಾಡಬೇಕು ಅಂತ ಆಸ್ಟರಿಸ್ಕ್‌ಗೆ ಹೇಳುವ ಫೈಲ್. ಮಾತು ಗುರುತಿಸುವ ಕೆಲಸದ ಸ್ಥಿತಿ (ರೆಕಾಗ್ ಸ್ಟೇಟಸ್) "ಎರರ್" ಅಂತ ಬಂದರೆ ಎರಡನೇ ಸರ್ವರಿನ ಪ್ರೊಫೈಲಿಗೆ ಹೋಗು, ಅದೂ ಕೈಕೊಟ್ಟರೆ ಹಳೆಯ ಒತ್ತುವ ಮೆನುವಿಗೆ ಇಳಿ ಅಂತ ಬರೆದಿದ್ದೇನೆ. ಇಂಟರ್ನೆಟ್ ಬಿದ್ದ ದಿನ ಗೂಗಲ್ ಸೇವೆ ಸಿಗುವುದಿಲ್ಲ. ಆಗ ಎರಡನೇ ಸರ್ವರ್ ಇದ್ದೂ ಪ್ರಯೋಜನವಿಲ್ಲ, ಒತ್ತುವ ಮೆನುವೇ ಗತಿ. ಅದಕ್ಕೇ ಅದನ್ನು ತೆಗೆಯಲು ನಾನು ಒಪ್ಪಲಿಲ್ಲ.