ಸವಳು ನೀರಿನ ಇಸಿ ಪ್ರೋಬ್ ನಡೆಸಲು ಆಂಪ್ಲಿಫೈಯರ್ ಆರಿಸಿದ್ದು ಹೀಗೆ

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ, ಸಿಂಧನೂರು, ಗಂಗಾವತಿ ಕಡೆ, ಬಸಿಗಾಲುವೆ ನೀರನ್ನು ಗದ್ದೆಗೆ ಹಾಯಿಸುವ ಮುಂಚೆ ಅದರ ಇಸಿ ಗೊತ್ತಿರಬೇಕು. ಇಸಿ ಅಂದರೆ ವಿದ್ಯುತ್ ವಾಹಕತೆ, ಉಪ್ಪು ಹೆಚ್ಚಿದಷ್ಟೂ ಅದು ಹೆಚ್ಚು; ಇಲ್ಲಿನ ಅಂಕಿಗಳೆಲ್ಲ ಡೆಸಿಸೀಮೆನ್ಸ್ ಪ್ರತಿ ಮೀಟರ್ ಲೆಕ್ಕದಲ್ಲಿ. ಮಣ್ಣಿನ ಇಸಿ 3 ದಾಟಿತೆಂದರೆ ಭತ್ತದ ಇಳುವರಿ ಇಳಿಯಲು ಶುರುವಾಗುತ್ತದೆ. ಮನೆಯಲ್ಲೇ ಜೋಡಿಸಿದ ಮೀಟರ್ ಇದಕ್ಕೆ ಸಾಕು, ಆದರೆ ಆಂಪ್ಲಿಫೈಯರ್ ಸರಿಯಿಲ್ಲದಿದ್ದರೆ ಒಳ್ಳೆಯ ನೀರಲ್ಲಿ ಸರಿಯಾಗಿ ತೋರಿಸಿ ಸವಳು ನೀರಲ್ಲೇ ಕೈಕೊಡುತ್ತದೆ.

ಕಾರಣ ಪ್ರೋಬಿನಲ್ಲೇ, ಅಂದರೆ ನೀರಿಗೆ ಇಳಿಸುವ ಎರಡು ಎಲೆಕ್ಟ್ರೋಡುಗಳಲ್ಲೇ ಇದೆ. ಸೆಲ್ ಸ್ಥಿರಾಂಕ (ಎಲೆಕ್ಟ್ರೋಡುಗಳ ನಡುವಿನ ಸೆಂ.ಮೀ. ಅಂತರವನ್ನು ಅವುಗಳ ಚದರ ಸೆಂ.ಮೀ. ವಿಸ್ತೀರ್ಣದಿಂದ ಭಾಗಿಸಿದ್ದು) 1 ಇರುವ ಪ್ರೋಬ್, ಇಸಿ 1 ಇರುವ ನೀರಲ್ಲಿ 1000 ಓಮ್. ಇಸಿ 10 ಆದರೆ 100 ಓಮ್, 20 ಆದರೆ ಬರೀ 50 ಓಮ್. ಆದ್ದರಿಂದ ನಾನು ಲೆಕ್ಕ ಶುರು ಮಾಡುವುದು 50 ಓಮಿನಿಂದ. ಡಿಸಿ ಕೊಡುವಂತಿಲ್ಲ, ಎಲೆಕ್ಟ್ರೋಡ್ ಮೇಲೆ ಅಯಾನುಗಳು ಮುತ್ತಿಕೊಂಡು ರೀಡಿಂಗ್ ಜಾರುತ್ತಲೇ ಹೋಗುತ್ತದೆ. 1 ಕಿಲೋಹರ್ಟ್ಸ್ ಸೈನ್ ಅಲೆ, ಪೀಕ್ 0.25 ವೋಲ್ಟ್ ಇಟ್ಟುಕೊಂಡಿದ್ದೇನೆ. 50 ಓಮಿಗೆ ಅದು 5 ಮಿಲಿಆಂಪ್.

5 ಮಿಲಿಆಂಪ್ ಅಂದರೆ ಆಂಪ್ಲಿಫೈಯರ್ ಚಿಪ್ ಎಲ್‌ಎಂ358 ಸಾಕಲ್ಲ ಅನ್ನಿಸುತ್ತದೆ. ಡೇಟಾಶೀಟಿನಲ್ಲಿ 20 ಮಿಲಿಆಂಪ್ ಅಂತಲೇ ಇದೆ. ತೊಂದರೆ ಕರೆಂಟಿನ ಪ್ರಮಾಣದ್ದಲ್ಲ, ದಿಕ್ಕು ಬದಲಾಗುವ ಗಳಿಗೆಯದು. ಚಿಪ್ಪಿನೊಳಗೆ ಕರೆಂಟ್ ಕೊಡುವ ಟ್ರಾನ್ಸಿಸ್ಟರ್ ಬಿಟ್ಟು ಎಳೆಯುವ ಟ್ರಾನ್ಸಿಸ್ಟರ್ ಹಿಡಿಯುವ ನಡುವೆ ಔಟ್‌ಪುಟ್ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಸಿಲೋಸ್ಕೋಪಿನಲ್ಲಿ ನೋಡಿದರೆ ಪ್ರತಿ ಸಲ ಅಲೆ ಸೊನ್ನೆ ದಾಟುವಲ್ಲಿ ಒಂದು ಸಣ್ಣ ಮೆಟ್ಟಿಲು ಕಾಣುತ್ತದೆ. 1000 ಓಮಿಗೆ ಅದು ಗಮನಕ್ಕೇ ಬರುವುದಿಲ್ಲ, 50 ಓಮಿಗೆ ಎದ್ದು ಕಾಣುತ್ತದೆ. ಔಟ್‌ಪುಟ್‌ನಿಂದ ಮೈನಸ್ 9 ವೋಲ್ಟಿಗೆ 1.5 ಕಿಲೋಓಮ್ ಹಾಕಿದರೆ ಮೆಟ್ಟಿಲು ಹೋಗುತ್ತದೆ, ಆದರೆ 6 ಮಿಲಿಆಂಪ್ ಸುಮ್ಮನೆ ಬ್ಯಾಟರಿ ತಿನ್ನುತ್ತದೆ. ಎನ್‌ಇ5532 ಅದೇ 8 ಪಿನ್ ಸಾಕೆಟ್‌ಗೆ ಹಾಗೇ ಕೂರುತ್ತದೆ, 600 ಓಮ್ ಲೋಡ್ ನಡೆಸಲೆಂದೇ ಮಾಡಿದ್ದು. ನಾನು ಅದನ್ನೇ ಹಾಕುತ್ತೇನೆ. ಎರಡು 9 ವೋಲ್ಟ್ ಬ್ಯಾಟರಿಯಿಂದ ಪ್ಲಸ್ ಮೈನಸ್ ಸಪ್ಲೈ.

ಒಂದು ಚಿಪ್ಪಿನಲ್ಲಿ ಎರಡು ಆಂಪ್ಲಿಫೈಯರ್. ಒಂದು ಬಫರ್, ಪ್ರೋಬ್ ನಡೆಸಲು. ಇನ್ನೊಂದು ಪ್ರೋಬಿನ ಆಚೆ ತುದಿಯ ಕರೆಂಟನ್ನು ವೋಲ್ಟೇಜ್ ಮಾಡಲು, 1 ಕಿಲೋಓಮ್ ಫೀಡ್‌ಬ್ಯಾಕ್‌ನೊಂದಿಗೆ. ಬಫರ್ ಕೊಟ್ಟ ಅಷ್ಟೂ ಕರೆಂಟನ್ನು ಈ ಎರಡನೆಯದು ನುಂಗಬೇಕು. ಬಫರಿಗೆ ಒಳ್ಳೆಯ ಚಿಪ್ ಹಾಕಿ ಇಲ್ಲಿ ಎಲ್‌ಎಂ358 ಉಳಿಸಿದರೆ ಪ್ರಯೋಜನವಿಲ್ಲ. ಇಸಿ 20ಕ್ಕೆ ಇದರ ಔಟ್‌ಪುಟ್ ಪೀಕ್ 5 ವೋಲ್ಟ್. ಅದನ್ನು ರೆಕ್ಟಿಫೈ ಮಾಡಿ, ಅಂದರೆ ಡಿಸಿಗೆ ತಿರುಗಿಸಿ, ಆರ್ಡುಯಿನೋ ಬೋರ್ಡಿನ ಒಂದು ಅನಲಾಗ್ ಪಿನ್ನಿಗೆ ಕೊಡುತ್ತೇನೆ.

ಸೈನ್ ಅಲೆ ಹುಟ್ಟಿಸಲು ಟಿಎಲ್072 ಎಂಬ ಇನ್ನೊಂದು ಆಂಪ್ಲಿಫೈಯರ್ ಚಿಪ್ಪಿನಲ್ಲಿ ವೀನ್ ಬ್ರಿಡ್ಜ್ ಸರ್ಕ್ಯೂಟ್, 10 ನ್ಯಾನೋಫ್ಯಾರಡ್ ಮತ್ತು 16 ಕಿಲೋಓಮ್, ನಂತರ ಪಾಟ್‌ನಲ್ಲಿ 0.25ಕ್ಕೆ ಇಳಿಸುವುದು. ಬಿಸಿಲಿಗೆ ಇದರಲ್ಲಿ ಅಲೆಯ ಎತ್ತರ ಹಿಡಿದಿಡುವ ಡಯೋಡುಗಳು ಕಾದಂತೆ ಅಲೆಯ ಎತ್ತರವೂ ಬದಲಾಗುತ್ತದೆ. ಅದಕ್ಕೆ ಪಾಟ್‌ಗಿಂತ ಮೊದಲಿನ ಅಲೆಯನ್ನೂ ರೆಕ್ಟಿಫೈ ಮಾಡಿ ಆರ್ಡುಯಿನೋದ ಇನ್ನೊಂದು ಅನಲಾಗ್ ಪಿನ್ನಿಗೆ ಕೊಟ್ಟು, ಎರಡು ಪಿನ್ನುಗಳ ಅನುಪಾತವನ್ನೇ ರೀಡಿಂಗ್ ಆಗಿ ತೆಗೆದುಕೊಳ್ಳುತ್ತೇನೆ.

ಬಫರ್ ಮತ್ತು ಪ್ರೋಬ್ ನಡುವಿನ ಕಪಾಸಿಟರ್ ಬಹಳ ಜನ ತಪ್ಪುವ ಜಾಗ. 10 ಮೈಕ್ರೋಫ್ಯಾರಡ್ 1 ಕಿಲೋಹರ್ಟ್ಸ್‌ಗೆ 16 ಓಮ್ ಅಡ್ಡಿ. 50 ಓಮ್ ಪ್ರೋಬಿಗೆ ಇದು ಸೇರಿ ಒಟ್ಟು 52.5 ಆಗುತ್ತದೆ, ಅಂದರೆ ರೀಡಿಂಗ್ ಸುಮಾರು 5% ಕಡಿಮೆ. ಎರಡು 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್‌ಗಳ ಮೈನಸ್ ಕಾಲುಗಳನ್ನು ಕೂಡಿಸಿ ಬೆಸುಗೆ ಹಾಕಿ. 110 ಆಗುತ್ತದೆ, ದೋಷ ಲೆಕ್ಕಕ್ಕೇ ಸಿಗುವುದಿಲ್ಲ.

ನೀರು ಮುಟ್ಟುವ ಮುಂಚೆ ಪ್ರೋಬಿನ ಜಾಗದಲ್ಲಿ 1% ರೆಸಿಸ್ಟರ್ ಇಟ್ಟು ನೋಡಬೇಕು: 1000, 470, 220, 100, 47. ರೀಡಿಂಗನ್ನು ಓಮಿನಿಂದ ಗುಣಿಸಿದರೆ ಐದಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕು. 47ಕ್ಕೆ ಮಾತ್ರ ಇಳಿದರೆ ಆಂಪ್ಲಿಫೈಯರ್ ಅಥವಾ ಕಪಾಸಿಟರ್ ನೋಡಿ. ಅಗ್ಗದ ಮಲ್ಟಿಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಅದರ ಎಸಿ ರೇಂಜ್ ಶುರುವಾಗುವುದೇ 200 ವೋಲ್ಟಿನಿಂದ.

ಆಮೇಲೆ ದ್ರಾವಣ. ಲ್ಯಾಬ್ ದರ್ಜೆಯ ಪೊಟ್ಯಾಸಿಯಂ ಕ್ಲೋರೈಡ್ 7.46 ಗ್ರಾಂ, ಡಿಸ್ಟಿಲ್ಡ್ ವಾಟರ್ ಸೇರಿಸಿ ಒಟ್ಟು 1 ಲೀಟರ್ ಮಾಡಿದರೆ 25 ಡಿಗ್ರಿಯಲ್ಲಿ ಇಸಿ 12.88. ಅದರದೇ 100 ಮಿಲಿ ತೆಗೆದು 1 ಲೀಟರ್‌ಗೆ ತಂದರೆ 1.413. ಗೊಬ್ಬರದಂಗಡಿಯ ಪೊಟ್ಯಾಷ್ ಬೇಡ, ಅದರಲ್ಲಿ ಬೇರೆ ಉಪ್ಪುಗಳೂ ಇರುತ್ತವೆ. ಎರಡು ರೀಡಿಂಗ್‌ಗಳ ಅನುಪಾತ 9.1 ಬರಬೇಕು. ರೆಸಿಸ್ಟರ್ ಪರೀಕ್ಷೆ ಸರಿಯಿದ್ದು ಇಲ್ಲಿ 8.5 ಬಂದರೆ ಆಂಪ್ಲಿಫೈಯರ್ ಬದಲಿಸಬೇಡಿ. ಎಲೆಕ್ಟ್ರೋಡ್ ತೊಳೆಯಿರಿ, ಆಗಲೂ ಬರದಿದ್ದರೆ ಫ್ರೀಕ್ವೆನ್ಸಿ 3 ಕಿಲೋಹರ್ಟ್ಸ್‌ಗೆ ಏರಿಸಿ.

ಗದ್ದೆಯಲ್ಲಿ ಉಷ್ಣತೆ ಮರೆಯುವಂತಿಲ್ಲ. ಪ್ರತಿ ಡಿಗ್ರಿಗೆ ಸುಮಾರು 2% ಹೆಚ್ಚು, ಅಂದರೆ 35 ಡಿಗ್ರಿ ನೀರು 25 ಡಿಗ್ರಿಯದಕ್ಕಿಂತ 20% ಹೆಚ್ಚು ತೋರಿಸುತ್ತದೆ. ಡಿಎಸ್18ಬಿ20 ಉಷ್ಣತಾ ಸೆನ್ಸರ್ ಹಾಕಿ ತಿದ್ದಿಕೊಳ್ಳಬೇಕು. ಬ್ಯಾಟರಿ 7.5ಕ್ಕಿಂತ ಇಳಿದರೆ ಎನ್‌ಇ5532ಕ್ಕೆ 5 ವೋಲ್ಟ್ ಪೀಕ್ ಮುಟ್ಟಲು ಜಾಗ ಉಳಿಯುವುದಿಲ್ಲ, ಅಲೆಯ ತಲೆ ಕತ್ತರಿಸಿ ಇಸಿ ಕಡಿಮೆ ಕಾಣುತ್ತದೆ. ಎರಡೂ ಬ್ಯಾಟರಿ ಒಟ್ಟಿಗೇ ಬದಲಿಸಿ.