ಪುಣೆಯಲ್ಲಿ ಮೆಥಡಿಸ್ಟ್ ಚರ್ಚ್ ನೋಡೋಕೆ ಹೋದರೆ ಏನೇನು ಗಮನಿಸಬೇಕು?

ಮೆಥಡಿಸ್ಟ್ ಅಂದರೆ ಇಂಗ್ಲೆಂಡಿನ ಜಾನ್ ವೆಸ್ಲಿಯಿಂದ ಶುರುವಾದ ಪ್ರಾಟೆಸ್ಟೆಂಟ್ ಪಂಗಡ. ಪುಣೆಯ ಕ್ಯಾಂಪ್ (ಕಂಟೋನ್ಮೆಂಟ್) ಕಡೆ ಹೋದಾಗ ಓಲ್ಡ್‌ಹ್ಯಾಮ್ ಮೆಥಡಿಸ್ಟ್ ಚರ್ಚ್ ಮುಂದೆ ಒಂದು ಫೋಟೊ ತೆಗೆದು ಸುಮ್ನೆ ಮುಂದೆ ಹೋಗಬೇಡಿ. ಮೊದಲು ಬೋರ್ಡ್ ಓದಿ. 'ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ' ಅಂತಿದ್ದರೆ ಅದು ಅಮೆರಿಕದ ಮಿಷನರಿಗಳಿಂದ ಬೆಳೆದ ಸಭೆ. ಮೈಸೂರು, ಬೆಂಗಳೂರಿನ ವೆಸ್ಲಿಯನ್ ಸಭೆಗಳು ಬ್ರಿಟಿಷ್ ಕವಲಿನವು, 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಸಭೆಗಳು ಒಂದಾಗಿ ಆದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಅಮೆರಿಕನ್ ಕವಲಿನ ಮೆಥಡಿಸ್ಟರು ಮಾತ್ರ 1970ರಲ್ಲಿ ಉತ್ತರದಲ್ಲಿ ಅಂಥದ್ದೇ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) ಹುಟ್ಟಿದಾಗಲೂ ಸೇರದೆ ಬೇರೆಯೇ ಉಳಿದರು. ನಮ್ಮ ಕಡೆಯಿಂದ ಬಂದವರಿಗೆ ಗೊಂದಲ ಆಗೋದು ಇಲ್ಲೇ.

ಆಮೇಲೆ ಹೆಸರಿನ ಜಾಡು ಹಿಡಿಯಿರಿ. ಈ ಚರ್ಚಿಗೆ ಯಾರ ಹೆಸರಿದೆಯೋ ಆ ವಿಲಿಯಂ ಓಲ್ಡ್‌ಹ್ಯಾಮ್ ಹುಟ್ಟಿದ್ದು 1854ರಲ್ಲಿ, ನಮ್ಮ ಬೆಂಗಳೂರಿನಲ್ಲಿ! ಅವರು ಸರ್ಕಾರಿ ಸರ್ವೆ ಕೆಲಸದಲ್ಲಿದ್ದರು. ಅಮೆರಿಕದ ಮೆಥಡಿಸ್ಟ್ ಬೋಧಕ ವಿಲಿಯಂ ಟೇಲರ್ 1871ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಬೋಧನೆ ಪುಣೆಗೂ ಹಬ್ಬಿತ್ತು, ಅಲ್ಲಿನ ಕೂಟಗಳಿಗೆ ಹೋದ ಓಲ್ಡ್‌ಹ್ಯಾಮ್ ಕೊನೆಗೆ ಸರ್ವೆ ಬಿಟ್ಟು, ಅಮೆರಿಕದಲ್ಲಿ ಓದಿ, 1885ರಲ್ಲಿ ಸಿಂಗಪುರಕ್ಕೆ ಹೋಗಿ ಮರುವರ್ಷವೇ ಆಂಗ್ಲೋ-ಚೈನೀಸ್ ಶಾಲೆ ತೆರೆದರು. 1904ರಲ್ಲಿ ಬಿಷಪ್ ಆದರು. ಸಿಂಗಪುರದಲ್ಲಿ ಈಗಲೂ ನೆನೆಯುವ ಈ ಬೆಂಗಳೂರಿನವರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಹೆಸರು ನೋಡಿ ಕಟ್ಟಡದ ವಯಸ್ಸು ಹೇಳೋಕೆ ಮಾತ್ರ ಹೋಗಬೇಡಿ. ಮುಂಬೈ ಕೊಲಾಬಾದ ಬೋವೆನ್ ಸ್ಮಾರಕ ಚರ್ಚನ್ನೇ ತಗೊಳ್ಳಿ. ಅದಕ್ಕೆ ಹೆಸರು ಕೊಟ್ಟ ಅಮೆರಿಕದ ಮಿಷನರಿ ಜಾರ್ಜ್ ಬೋವೆನ್ ಮುಂಬೈಗೆ ಬಂದಿದ್ದು 1848ರಲ್ಲಿ, ಆಗ ಅಲ್ಲಿ ಮೆಥಡಿಸ್ಟ್ ಸಭೆಯೇ ಇರಲಿಲ್ಲ. ಸಭೆ ಶುರುವಾದ ವರ್ಷ, ಅಡಿಗಲ್ಲಿನ ವರ್ಷ, ಕಟ್ಟಡವನ್ನು ಆರಾಧನೆಗೆ ಅರ್ಪಿಸಿದ ವರ್ಷ ಬೇರೆ ಬೇರೆ ಇರಬಹುದು. ಮೂರನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಿ.

ಒಳಗೆ ಹೋಗೋಕೆ ಭಾನುವಾರದ ಆರಾಧನೆ ಮುಗಿದ ಹೊತ್ತು ಒಳ್ಳೆಯದು. ಕೇಳಿಯೇ ಹೋಗಿ. ಮೊದಲು ಪ್ರಸಂಗ ಪೀಠ (ಪಾಸ್ಟರ್ ನಿಂತು ಬೋಧಿಸುವ ಜಾಗ) ಎಲ್ಲಿದೆ, ಎಷ್ಟು ಎತ್ತರ ಇದೆ ನೋಡಿ, ಏಕೆಂದರೆ ಮೆಥಡಿಸ್ಟರಿಗೆ ಬೋಧನೆ ಮತ್ತು ಹಾಡು ತುಂಬಾ ಮುಖ್ಯ, ಹಿಂದಿನ ಬೆಂಚಿಗೂ ಮಾತು ಕೇಳಬೇಕು ಅಲ್ವಾ? ಅದರ ಮುಂದೆ ಮೊಣಕಾಲೂರಿ ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ತಗೊಳ್ಳುವ ಕಟಕಟೆ ಇದೆಯಾ ನೋಡಿ. ಚೂಪು ಕಮಾನು ಕಂಡ ಕೂಡಲೇ ತುಂಬಾ ಹಳೆಯದು ಅಂದುಕೊಳ್ಳಬೇಡಿ, 19ನೇ ಶತಮಾನದಲ್ಲಿ ಇಂಥ ಕಮಾನಿನ, ಯುರೋಪಿನ ಮಧ್ಯಯುಗದ ಗಾಥಿಕ್ ಶೈಲಿ ಮತ್ತೆ ಜೋರಾಗಿ ಬಂದಿತ್ತು. ಗೋಡೆ ಕಪ್ಪು ಕಲ್ಲಿನದಾದರೆ ಅದು ಪುಣೆ ಸುತ್ತಲಿನ ಬಸಾಲ್ಟ್.

ಮಾಡಿನಲ್ಲಿ ಹೆಂಚಿದ್ದರೆ ಮುದ್ರೆ ಹುಡುಕಿ. ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತ್ತು, ಅಲ್ಲಿನ ಮಾಲು ದೂರದೂರಕ್ಕೆ ಹೋಗುತ್ತಿತ್ತು.

ನಿಮ್ಮ ಮನೆಯವರ ಮದುವೆ, ದೀಕ್ಷಾಸ್ನಾನದ ದಾಖಲೆ ಬೇಕಿದ್ದರೆ ಪಾಸ್ಟರ್ ಹತ್ತಿರ ರಿಜಿಸ್ಟರ್ ಕೇಳಿ. ಅಂದಾಜು ವರ್ಷ, ಪೂರ್ತಿ ಹೆಸರು ಮೊದಲೇ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಹುಡುಕಿ ಕೊಡೋದು ಕಷ್ಟ.