ಇಂಟರ್‌ಲ್ಯೂಕಿನ್-12 ಜೊತೆಗೆ 18 ಹಾಕಿದ ದಿನ: ನನ್ನ ಅನುಭವ

ರಕ್ತದಿಂದ ಎನ್‌ಕೆ ಕೋಶಗಳನ್ನು (ಸೋಂಕಿತ ಕೋಶಗಳನ್ನು ಕೊಲ್ಲುವ ರಕ್ಷಕ ಕೋಶಗಳು) ಬೇರ್ಪಡಿಸಿ, ಇಂಟರ್‌ಲ್ಯೂಕಿನ್ ಹಾಕಿ ಎಬ್ಬಿಸುವುದು ನನ್ನ ಕೆಲಸ. ಇಂಟರ್‌ಲ್ಯೂಕಿನ್ ಎಂದರೆ ರಕ್ಷಕ ಕೋಶಗಳು ಪರಸ್ಪರ ಕಳಿಸುವ ಸಂದೇಶದ ಪ್ರೋಟೀನು; 12, 18 ಅದರ ಬಗೆಗಳು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಹೆದರಿ, ಮೊದಲ ಸಲ ರಕ್ತದ ಟ್ಯೂಬುಗಳನ್ನು ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ತಂದೆ. ಅದೇ ತಪ್ಪಾಯಿತು. ರಕ್ತಕಣಗಳನ್ನು ಪದರವಾಗಿ ಬೇರ್ಪಡಿಸುವ ಫೈಕಾಲ್ ದ್ರಾವಣದ ಮೇಲೆ ಸುತ್ತಿಸಿದಾಗ, ನಡುವೆ ತೆಳ್ಳಗೆ ನಿಲ್ಲಬೇಕಾದ ಬಿಳಿ ರಕ್ತಕಣಗಳ ಉಂಗುರ ಕೆಂಪಾಗಿ ಕದಡಿತ್ತು. ಈ ಕೆಲಸಕ್ಕೆ ರಕ್ತ 20 ಡಿಗ್ರಿ ಆಸುಪಾಸಿನಲ್ಲಿರಬೇಕು. ಆಮೇಲಿಂದ ಎಸಿ ಕೋಣೆಯಲ್ಲೇ ತೆಗೆಸಿ, ಕೂಡಲೇ ಶುರು ಮಾಡುತ್ತೇನೆ. ಸೆಂಟ್ರಿಫ್ಯೂಜಿಗೆ ಬ್ರೇಕ್ ಹಾಕುವಂತಿಲ್ಲ, ತಾನಾಗಿ ನಿಲ್ಲಬೇಕು. ಆ ಹೊತ್ತು ಕೈಕಟ್ಟಿ ಕೂರುವುದೇ ಕಷ್ಟ.

ರಕ್ತದ ಲಿಂಫೊಸೈಟ್‌ಗಳಲ್ಲಿ (ಬಿಳಿ ರಕ್ತಕಣಗಳ ಒಂದು ಬಗೆ) ಎನ್‌ಕೆ ಕೋಶ ಶೇ. 5ರಿಂದ 15ರಷ್ಟು. ಅವನ್ನು ಮುಟ್ಟದೆ, ಉಳಿದವನ್ನು ಮ್ಯಾಗ್ನೆಟ್ ಮಣಿಗಳಿಂದ ಹಿಡಿದು ತೆಗೆದೆ. ಎನ್‌ಕೆ ಮೈಗೇ ಆಂಟಿಬಾಡಿ ಅಂಟಿಸಿದರೆ ಅದೇ ಅವನ್ನು ಎಬ್ಬಿಸಿಬಿಡಬಹುದು. ಆಮೇಲೆ ಎಬ್ಬಿಸಿದ್ದು ಯಾವುದೆಂದು ಹೇಳುವುದು ಹೇಗೆ?

ಮೊದಲು ಇಂಟರ್‌ಲ್ಯೂಕಿನ್-12 ಒಂದನ್ನೇ ಹಾಕಿದೆ. 1989ರಲ್ಲಿ ಪತ್ತೆಯಾದಾಗ ಇದಕ್ಕೆ ಕೊಟ್ಟ ಹೆಸರೇ 'ಎನ್‌ಕೆ ಕೋಶ ಪ್ರಚೋದಕ ಅಂಶ'. ಹೆಸರನ್ನು ನಂಬಿದೆ. ಎದ್ದ ಎನ್‌ಕೆ ಕೋಶ ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಮರುದಿನ ಅದನ್ನು ಎಲೈಸಾದಲ್ಲಿ (ಬಣ್ಣ ಗಾಢವಾದಷ್ಟೂ ಪ್ರೋಟೀನು ಹೆಚ್ಚೆಂದು ತೋರಿಸುವ ಪರೀಕ್ಷೆ) ಅಳೆದರೆ ಪ್ಲೇಟಿನ ಗುಳಿಗಳಲ್ಲಿ ಬಣ್ಣ ಇದ್ದೂ ಇಲ್ಲದಂತೆ. ಇಂಟರ್‌ಲ್ಯೂಕಿನ್ ಇದ್ದ ವೈಯಲ್ (ಪುಟ್ಟ ಶೀಷೆ) ಕೆಟ್ಟಿದೆ ಅಂದುಕೊಂಡು ಅಳುವುದೊಂದು ಬಾಕಿ.

"18 ಹಾಕಿದ್ಯೇನಮ್ಮಾ?" ಅಂದರು ಗೈಡ್ ಮೇಡಂ.

"ಇಲ್ಲ ಮೇಡಂ."

"ಎರಡನ್ನೂ ಕೂಡಿಸಿ ನೋಡು. ಆಮೇಲೆ ವೈಯಲ್‌ನ ಬೈಯುವಂತೆ."

ಈ ಸಲ ನಾಲ್ಕು ಸಾಲು: ಏನೂ ಇಲ್ಲದ್ದು, 12 ಮಾತ್ರ, 18 ಮಾತ್ರ, ಎರಡೂ. ಮಿಲಿಲೀಟರಿಗೆ ಇಂಟರ್‌ಲ್ಯೂಕಿನ್-12 ಹತ್ತು ನ್ಯಾನೊಗ್ರಾಂ, ಇಂಟರ್‌ಲ್ಯೂಕಿನ್-18 ಐವತ್ತು ನ್ಯಾನೊಗ್ರಾಂ. ಮರುದಿನ ಬಣ್ಣದ ದ್ರಾವಣ ಹಾಕಿ ಪ್ಲೇಟಿಗೆ ಕಣ್ಣು ನೆಟ್ಟು ಕೂತೆ. ನಾಲ್ಕನೇ ಸಾಲು ನೋಡನೋಡುತ್ತಲೇ ನೀಲಿಯಾಯಿತು, ಆಸಿಡ್ ಬಿದ್ದೊಡನೆ ಗಾಢ ಹಳದಿ. 18 ಮಾತ್ರ ಇದ್ದ ಸಾಲು ಏನೂ ಇಲ್ಲದ್ದರ ಹಾಗೇ ಇತ್ತು.

ಕಾರಣ ಸೊಗಸಾಗಿದೆ. ಇಂಟರ್‌ಲ್ಯೂಕಿನ್-12 ಕೋಶದೊಳಗೆ ಸ್ಟ್ಯಾಟ್-4 ಎಂಬ, ಜೀನುಗಳನ್ನು ಎಬ್ಬಿಸುವ ಪ್ರೋಟೀನನ್ನು ಚಾಲೂ ಮಾಡುತ್ತದೆ, ಜೊತೆಗೆ ಕೋಶದ ಮೈಮೇಲೆ 18ರ ಗ್ರಾಹಕಗಳನ್ನೂ ಹೆಚ್ಚಿಸುತ್ತದೆ. 18 ಬೇರೆ ದಾರಿ ಹಿಡಿದು ಎನ್‌ಎಫ್-ಕಪ್ಪಾಬಿ ಎಂಬ ಅಂಥದೇ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ. ಎರಡೂ ಬಂದು ಸೇರುವುದು ಇಂಟರ್‌ಫೆರಾನ್-ಗಾಮಾ ಜೀನಿನಲ್ಲಿ. ಸೋಂಕಾದಾಗ ಮ್ಯಾಕ್ರೊಫೇಜ್‌ಗಳು (ರೋಗಾಣುಗಳನ್ನು ನುಂಗುವ ಕೋಶಗಳು) ಈ ಎರಡನ್ನೂ ಸುರಿಸುತ್ತವೆ. ಒಂದೇ ಸುಳಿವಿಗೆ ಎನ್‌ಕೆ ಕೋಶ ರೇಗುವುದಿಲ್ಲವೆಂಬುದು ನಮ್ಮ ಮೈಗೆ ಒಳ್ಳೆಯದೇ.

ಇಂಟರ್‌ಲ್ಯೂಕಿನ್-15ರ ಮಾತು ಬೇರೆ. ಎನ್‌ಕೆ ಕೋಶ ಬದುಕುಳಿಯುವುದೇ ಅದರಿಂದ. ವಾರಗಟ್ಟಲೆ ಬೆಳೆಸುವುದಿದ್ದರೆ ಅದಿಲ್ಲದೆ ಕೈಹಾಕಬೇಡಿ.

ವೈಯಲ್ ಕರಗಿಸಿದ ದಿನವೇ ಒಂದೊಂದು ಸಲಕ್ಕೆ ಸಾಕಾಗುವಷ್ಟು ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜರಿಗಿಡಿ. ಕರಗಿ ಮತ್ತೆ ಹೆಪ್ಪುಗಟ್ಟಿದ ಪ್ರೋಟೀನು ಕಸುವು ಕಳೆದುಕೊಳ್ಳುತ್ತದೆ. ಕರೆಂಟ್ ಹೋದಾಗ ಫ್ರೀಜರ್ ಬಾಗಿಲನ್ನು ಯಾರೂ ತೆಗೆಯದಂತೆ ನಾನು ಚೀಟಿ ಅಂಟಿಸಿದ್ದೇನೆ.